‘ನಮ್ಮನ್ನು ಕೇಳಬೇಡಿ’ ಎಂಬ ಉತ್ತರ

ಪರೀಕ್ಷಾ ಮಂಡಳಿಯ ಕಚೇರಿಯಲ್ಲಿ ಆ ವಾರ ಎಂದಿಲ್ಲದ ನೆಮ್ಮದಿ. ನರ್ಸಿಂಗ್ ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮೇಲಿನ ವಾರವೆಂದರೆ ಅಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುತ್ತಿರಲಿಲ್ಲ. ಅಂಕ ಕಡಿಮೆ ಬಂತು, ಉತ್ತರ ಸರಿಯಾಗಿ ನೋಡಿಲ್ಲ, ಕೂಡುವಾಗ ಎಡವಿದ್ದಾರೆ ಎಂದು ಮರುಪರಿಶೀಲನೆಯ ಅರ್ಜಿಗಳು ಮೇಲ್‌ನಲ್ಲಿ ಬಂದು ಬೀಳುತ್ತಲೇ ಇರುತ್ತಿದ್ದವು. ಈ ಸಲ ಅರ್ಜಿಗಳ ಪೆಟ್ಟಿಗೆ ತೊಳೆದು ಬೋರಲು ಹಾಕಿದ ಪಾತ್ರೆಯಷ್ಟು ಖಾಲಿ. ಅರ್ಜಿ ಹಾಕಲು ಅಂದೇ ಕೊನೆಯ ದಿನ. ಸಂಜೆ ಕಚೇರಿ ಮುಚ್ಚಿದರೆ ಮುಗಿಯಿತು. ನಿರ್ದೇಶಕರು ಕಾರಿಡಾರಿನಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು ಓಡಾಡುತ್ತ, ಮೌಲ್ಯಮಾಪನ ಈ ಸಲ ಎಷ್ಟು ಅಚ್ಚುಕಟ್ಟಾಗಿದೆ ಎಂದರೆ ಒಬ್ಬರೂ ತಕರಾರು ತೆಗೆದಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಕಾರಿಡಾರಿನ ತುದಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಯಂತ್ರಗಳು ದಿನವಿಡೀ ಗುಂಯ್ ಎನ್ನುತ್ತಿದ್ದವು. ಯಂತ್ರಗಳಿಗೆ ತಂಪು ಬೇಕೆಂದು ಮನುಷ್ಯರೂ ಅಲ್ಲಿ ನಡುಗುತ್ತ ಕೂರಬೇಕು. ಆ ಕೋಣೆಯಲ್ಲಿ ಉಣ್ಣೆಯ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದವಳಿಗೆ ಇಡೀ ಕಚೇರಿ ಇಟ್ಟ ಹೆಸರು ಟಪಾಲಕ್ಕ. ಹೊರಗಿನಿಂದ ಬರುವ ಮೇಲ್‌ಗಳನ್ನೆಲ್ಲ ಸೋಸಿ, ಕಸವನ್ನು ಹೊರಗೇ ತಡೆದು, ಕಾಳನ್ನು ಒಳಗೆ ಬಿಡುವುದು ಅವಳ ಕೆಲಸ. ಹಗಲು ಟೈಪಿಂಗ್ ಮಾಡಿ, ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ಕಣ್ಣುರೆಪ್ಪೆ ಅಂಟಿಕೊಳ್ಳದಂತೆ ತಡೆದುಕೊಂಡು ಕಲಿತ ವಿದ್ಯೆ ಅದು. ಹಾಗೆ ಕಲಿತದ್ದರಿಂದಲೋ ಏನೋ, ಕಲಿತದ್ದರ ಮೇಲೆ ಅವಳಿಗೆ ಪೂರ್ತಿ ಭರವಸೆ ಇರಲಿಲ್ಲ. ಮನೆಗೆ ಬೀಗ ಹಾಕಿದರೆ ಎರಡು ಸಲ ಜಗ್ಗಿ ನೋಡುತ್ತಿದ್ದಳು. ಬಸ್ಸು ಹತ್ತಿ ಕೂತ ಮೇಲೆ, ಜಗ್ಗಿದ್ದೇನೋ ಹೌದು, ಆದರೆ ಬೀಗ ಹಾಕಿದ್ದೆನೇ ಎಂದು ಮತ್ತೆ ಶುರು.

ಪೆಟ್ಟಿಗೆ ಖಾಲಿ ಇರುವುದು ಅವಳಿಗೂ ಹಿತವಾಗಿಯೇ ಇತ್ತು. ಹಿಂದಿನ ವರ್ಷ ಯಾರೋ ನಿರ್ದೇಶಕರ ಹೆಸರು ಹಾಕಿಕೊಂಡು ಕಳಿಸಿದ ಖೋಟಾ ಮೇಲೊಂದು ಅವಳ ಕಾವಲು ದಾಟಿ ಒಳಗೆ ಬಂದು, ಗುಮಾಸ್ತರೊಬ್ಬರು ಅದನ್ನು ಒತ್ತಿ, ಕಂಪ್ಯೂಟರುಗಳೆಲ್ಲ ದಿನಗಟ್ಟಲೆ ಮಲಗಿದ್ದವು. ಅವಳನ್ನು ನಿಲ್ಲಿಸಿ ಬೈಯದವರು ಆ ಕಟ್ಟಡದಲ್ಲಿ ಯಾರೂ ಉಳಿದಿರಲಿಲ್ಲ. ಅದಾದ ಮೇಲೆ ಅವಳು ಜರಡಿಯ ಕಣ್ಣನ್ನು ಇನ್ನಷ್ಟು ಸಣ್ಣ ಮಾಡಿದ್ದಳು.

ಮನೆಯ ಸಂಗತಿಯೊಂದು ಮಾತ್ರ ಹಿಂದಿನ ದಿನದಿಂದ ಕೊರೆಯುತ್ತಿತ್ತು. ಅವಳ ಅಕ್ಕನ ಮಗಳು, ಮನೆಯಲ್ಲಿ ಪುಟ್ಟಿ ಎಂದೇ ಕರೆಯುವ ಹುಡುಗಿ, ಅದೇ ಮಂಡಳಿಯ ಪರೀಕ್ಷೆಗೆ ಕೂತಿದ್ದಳು. ಒಂದೇ ಒಂದು ವಿಷಯದಲ್ಲಿ ಸ್ವಲ್ಪದರಲ್ಲಿ ಹೋಗಿತ್ತು. ಮಂಡಳಿಯ ಜಾಲತಾಣದಿಂದ ಉತ್ತರಪತ್ರಿಕೆಯ ಪ್ರತಿ ಇಳಿಸಿಕೊಂಡು ನೋಡಿದರೆ ಇಡೀ ಒಂದು ಉತ್ತರಕ್ಕೆ ಅಂಕವನ್ನೇ ಹಾಕಿರಲಿಲ್ಲ. ಹೆರಿಗೆ ಆಸ್ಪತ್ರೆಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು, ತಿಂಗಳ ಕೊನೆಯೊಳಗೆ ಪಾಸಾದ ಪತ್ರ ತಂದರೆ. ತಂದೆಯಿಲ್ಲದ ಹುಡುಗಿ. ಅವಳಮ್ಮ ಲಾಂಡ್ರಿಯೊಂದರಲ್ಲಿ ಇಸ್ತ್ರಿ ತಿಕ್ಕಿ ತಿಕ್ಕಿ ಬಲ ಭುಜ ಎತ್ತಲಾಗದ ಸ್ಥಿತಿಗೆ ಬಂದಿದ್ದಳು. ಆ ಕೆಲಸ ಸಿಕ್ಕರೆ ಅಕ್ಕ ಇಸ್ತ್ರಿಪೆಟ್ಟಿಗೆ ಕೆಳಗಿಡಬಹುದು. ಮೂವರೂ ಒಂದೇ ಮನೆಯಲ್ಲಿ ಇದ್ದುದರಿಂದ ಈ ಲೆಕ್ಕ ಮೂವರಿಗೂ ಬಾಯಿಪಾಠ.

ಟಪಾಲಕ್ಕ ತನ್ನ ಮನೆಯ ಹುಡುಗಿ ಪರೀಕ್ಷೆಗೆ ಕೂತಿದ್ದಾಳೆಂದು ಮೊದಲೇ ಬರೆದುಕೊಟ್ಟಿದ್ದಳು. ನೌಕರರು ತಮ್ಮ ಸಂಬಂಧಿಕರ ಅರ್ಜಿಯ ವಿಷಯದಲ್ಲಿ ಬೆರಳೂ ಆಡಿಸುವಂತಿಲ್ಲ ಎನ್ನುವುದು ಮಂಡಳಿಯ ನಿಯಮ. ಹಾಗಾಗಿ ಹಿಂದಿನ ದಿನ ಪುಟ್ಟಿ ಫೋನ್ ಮಾಡಿ, ತನ್ನ ಅರ್ಜಿ ವಾಪಸು ಬಂತು, ‘ನಿಮ್ಮ ವಿಳಾಸ ಕೆಟ್ಟ ಪಟ್ಟಿಯಲ್ಲಿದೆ, ನಿಮ್ಮ ಮೇಲ್ ಕಂಪನಿಯನ್ನು ವಿಚಾರಿಸಿ’ ಎಂದು ಬರೆದಿದೆ ಎಂದಾಗ, ಅವಳು ಯಾರಿಗಾದರೂ ಹೇಳುವ ಮಾತನ್ನೇ ಹೇಳಿದ್ದಳು. ನಿನ್ನ ಕಂಪನಿಯಿಂದ ಯಾರೋ ಕಸ ಕಳಿಸಿರಬೇಕು, ಬೇರೆ ಕಡೆಯಿಂದ ಕಳಿಸು. ಪುಟ್ಟಿ ಗೆಳತಿಯ ಮೇಲ್‌ನಿಂದ ಕಳಿಸಿದಳು. ವಾಪಸು. ಟಪಾಲಕ್ಕನಿಗೆ ರೇಗಿತು. ಕಂಡಕಂಡದ್ದನ್ನೆಲ್ಲ ಒತ್ತುತ್ತೀರಿ, ಆಮೇಲೆ ಒದ್ದಾಡುತ್ತೀರಿ ಎಂದು ಗದರಿದಳು.

“ಚಿಕ್ಕಮ್ಮಾ, ನನ್ನ ಮೇಲ್‌ಗೆ ಏನೂ ಆಗಿಲ್ಲ. ನಿಮ್ಮ ಕಡೇನೇ ಏನೋ ಆಗಿದೆ, ಒಂದ್ಸಲ ನೋಡು.”

“ನಮ್ಮ ಕಡೆ ಏನೂ ಆಗಿಲ್ಲ. ಪಟ್ಟಿ ಸುಳ್ಳು ಹೇಳಲ್ಲ.”

ಈಗ, ಕೊನೆಯ ದಿನದ ಬೆಳಗ್ಗೆ, ಪುಟ್ಟಿ ಅಮ್ಮನ ಲಾಂಡ್ರಿಯ ಮೇಲ್‌ನಿಂದಲೂ ಕಳಿಸಿ ನೋಡಿ, ಅದೂ ವಾಪಸು ಬಂತೆಂದು ಸಂದೇಶ ಹಾಕಿದ್ದಳು. ಬಟ್ಟೆ ಒಗೆಯುವ ಅಂಗಡಿಯಿಂದ ಯಾರಿಗೆ ಯಾವ ಕಸ ಹೋಗೀತು? ಟಪಾಲಕ್ಕ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ಅವಳ ಜರಡಿ ಕೆಲಸ ಮಾಡುವ ರೀತಿ ಹೀಗೆ. ಮನೆ ಬಾಡಿಗೆಗೆ ಕೊಡುವವರು ಬಂದವರ ಬಗ್ಗೆ ಅವರ ಹಳೆಯ ಬೀದಿಯ ಹಿರಿಯರೊಬ್ಬರನ್ನು ವಿಚಾರಿಸುತ್ತಾರಲ್ಲ, ಹಾಗೆ ಪ್ರತಿ ಮೇಲ್ ಬಾಗಿಲಿಗೆ ಬಂದಾಗಲೂ ಯಂತ್ರ ದೂರದ ಒಂದು ಪಟ್ಟಿಯನ್ನು ಕೇಳುತ್ತದೆ: ಈ ವಿಳಾಸದವನು ನಿಮ್ಮ ಕೆಟ್ಟವರ ಪಟ್ಟಿಯಲ್ಲಿ ಇದ್ದಾನೆಯೇ? ಇಲ್ಲದಿದ್ದರೆ ಪಟ್ಟಿಯವರು ಸುಮ್ಮನಿರುತ್ತಾರೆ. ಆ ಮೌನವೇ ಒಳ್ಳೆಯ ನಡತೆಯ ಪ್ರಮಾಣ. ಇದ್ದರೆ ಒಂದು ಅಂಕಿ ಹೇಳುತ್ತಾರೆ. ಕೆಡುಕಿನ ಬಗೆಗೊಂದು ಅಂಕಿ. ಹಿಂದಿನ ವರ್ಷದ ಪೆಟ್ಟು ತಿಂದ ಮೇಲೆ ಟಪಾಲಕ್ಕ ಆ ಅಂಕಿಗಳನ್ನು ಒಂದೊಂದಾಗಿ ಬರೆಯಲು ಹೊರಟಿದ್ದಳು. ನಡುವೆ ಭಯ ಬಂತು. ಒಂದು ಬಿಟ್ಟುಹೋದರೆ? ನಾಳೆ ಅವರು ಹೊಸದೊಂದು ಅಂಕಿ ಸೇರಿಸಿದರೆ? ಕೊನೆಗೆ ಎಲ್ಲವನ್ನೂ ಅಳಿಸಿ ಒಂದೇ ಸಾಲು ಬರೆದಳು: ಯಾವುದೇ ಅಂಕಿ ಬಂದರೂ ಬಾಗಿಲು ಹಾಕು. ಆ ರಾತ್ರಿ ಬಹಳ ದಿನಗಳ ನಂತರ ಅವಳಿಗೆ ಚೆನ್ನಾಗಿ ನಿದ್ದೆ ಬಂದಿತ್ತು.

ಪರೀಕ್ಷಿಸಿ ನೋಡಲೆಂದೇ ಒಂದು ವಿಳಾಸವಿದೆ. ಅದು ಯಾವ ಪಟ್ಟಿಯಲ್ಲೂ ಎಂದಿಗೂ ಇರಕೂಡದು. ಅದರ ಬಗ್ಗೆ ಕೇಳಿದರೆ ಮೌನ ಬರಬೇಕು. ಸ್ವೆಟರಿನ ತೋಳು ಮೇಲೆಳೆದುಕೊಂಡು ಟಪಾಲಕ್ಕ ಅದನ್ನೇ ಕೇಳಿದಳು.

ಅಂಕಿ ಬಂತು.

ತನ್ನ ಮಂಡಳಿಯ ವಿಳಾಸವನ್ನೇ ಕೇಳಿದಳು. ಅದೇ ಅಂಕಿ. ಪುಟ್ಟಿಯ ಮೇಲ್ ಕಂಪನಿ, ಲಾಂಡ್ರಿಯ ಮೇಲ್ ಕಂಪನಿ, ನೆನಪಿಗೆ ಬಂದ ದೊಡ್ಡ ಆಸ್ಪತ್ರೆ. ಎಲ್ಲಕ್ಕೂ ಅದೇ ಒಂದು ಅಂಕಿ. ಲೋಕವೆಲ್ಲ ಒಂದೇ ವಾರದಲ್ಲಿ, ಒಂದೇ ಬಗೆಯಲ್ಲಿ ಕೆಟ್ಟುಹೋಗಲು ಸಾಧ್ಯವೇ? ಪಟ್ಟಿಯವರು ಬರೆದಿಟ್ಟ ವಿವರಣೆಯನ್ನು ತೆರೆದು ಅಂಕಿಯ ಅರ್ಥ ಹುಡುಕಿದಳು. ಅದು ಕೆಡುಕಿನ ಅಂಕಿಗಳ ಸಾಲಿನಲ್ಲಿ ಇರಲೇ ಇಲ್ಲ. ಕೆಳಗೆ, ಬೇರೆಯದೇ ಸಾಲಿನಲ್ಲಿತ್ತು. ‘ನೀವು ಸಾರ್ವಜನಿಕ ದಾರಿಯಿಂದ ಬಂದು ಕೇಳುತ್ತಿದ್ದೀರಿ. ನೀವು ಯಾರೆಂದು ನಮಗೆ ತಿಳಿಯುತ್ತಿಲ್ಲ. ಹೀಗೆ ಬಂದು ನಮ್ಮನ್ನು ಕೇಳಬೇಡಿ’ ಎಂಬುದು ಅದರ ತಾತ್ಪರ್ಯ. ಮೇಲ್ ಕಳಿಸಿದವರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಬೈಗುಳವೇನಾದರೂ ಇದ್ದರೆ ಅದು ಕೇಳಿದವರಿಗೆ, ಅಂದರೆ ಅವಳಿಗೆ.

ಹಿಂದಿನ ವಾರದ ಕೊನೆಗೆ ಇಂಟರ್‌ನೆಟ್ ಲೈನಿನವರು ಬಂದು ಹಳೆಯ ಡಬ್ಬಿ ಕಿತ್ತು ಹೊಸದು ಕೂರಿಸಿ ಹೋಗಿದ್ದರು. ಅಂದಿನಿಂದ ಯಂತ್ರದ ಪ್ರಶ್ನೆಗಳೆಲ್ಲ ತನ್ನ ಸ್ವಂತ ದಾರಿ ಬಿಟ್ಟು, ಊರೆಲ್ಲ ಬಳಸುವ ಹೆದ್ದಾರಿಯಲ್ಲಿ ಹೋಗುತ್ತಿದ್ದವು. ಪಟ್ಟಿಯವರು ನಿಮಗೆ ಹೇಳುವುದಿಲ್ಲ ಎನ್ನುತ್ತಿದ್ದರು. ಅವಳ ಒಂದು ಸಾಲಿನ ಕಾವಲುಗಾರ ಅದನ್ನು ‘ಕೆಟ್ಟವನು’ ಎಂದು ಕೇಳಿಸಿಕೊಂಡು, ಬಂದ ಪ್ರತಿಯೊಬ್ಬರ ಮುಖಕ್ಕೂ ಬಾಗಿಲು ಬಡಿಯುತ್ತಿದ್ದ. ಕಚೇರಿಯ ಒಳಗಿನ ಮೇಲ್‌ಗಳಿಗೆ ಈ ವಿಚಾರಣೆ ಇಲ್ಲದ್ದರಿಂದ ಒಳಗಿದ್ದವರಿಗೆ ಏನೂ ತಿಳಿದಿರಲಿಲ್ಲ.

ವಾಪಸು ಹೋದವುಗಳ ದಾಖಲೆ ತೆರೆದಳು. ಪರದೆ ಇಳಿಯುತ್ತಲೇ ಹೋಯಿತು, ತಳ ಸಿಗಲಿಲ್ಲ. ಒಂದೇ ವಿಳಾಸ ಮತ್ತೆ ಮತ್ತೆ, ಬೆಳಗ್ಗೆ, ಮಧ್ಯಾಹ್ನ, ಮರುದಿನ. ಬಾಗಿಲು ತಟ್ಟಿ ತಟ್ಟಿ ಕೈ ಸೋತ ಜನ.

ಸರಿಪಡಿಸುವುದು ಕಷ್ಟವಿರಲಿಲ್ಲ. ಆ ಸಾಲನ್ನು ಬದಲಿಸಿದರೆ ಮುಗಿಯಿತು. ಅವಳ ಕೈ ಕೀಲಿಮಣೆಯ ಮೇಲೆ ಹೋಗಿ ನಿಂತಿತು. ಅರ್ಜಿಯ ಅವಧಿಯಲ್ಲಿ ನಿರ್ದೇಶಕರ ಒಪ್ಪಿಗೆಯಿಲ್ಲದೆ ಮೇಲ್ ಯಂತ್ರವನ್ನು ಯಾರೂ ಮುಟ್ಟುವಂತಿಲ್ಲ. ಹಿಂದಿನ ವರ್ಷದ ಗಲಾಟೆಯ ಮೇಲೆ ಆ ನಿಯಮ ಮಾಡಿಸಿದ್ದೂ ಅವಳೇ. ಹೋಗಲಿ, ಯಾರಿಗೂ ಹೇಳದೆ ಬದಲಿಸಿದಳು ಎಂದಿಟ್ಟುಕೊಳ್ಳೋಣ. ನೀವು ಕೆಟ್ಟವರು ಎಂದು ಹೇಳಿಸಿಕೊಂಡು ಕೈಚೆಲ್ಲಿ ಕೂತವರಿಗೆ ಬಾಗಿಲು ತೆರೆದದ್ದು ಗೊತ್ತಾಗುವುದು ಹೇಗೆ? ಫೋನ್ ಕೈಯಲ್ಲಿ ಹಿಡಿದು ಇನ್ನೂ ಪ್ರಯತ್ನಿಸುತ್ತಿರುವ ಪುಟ್ಟಿಯ ಅರ್ಜಿ ಮಾತ್ರ ಸರಕ್ಕನೆ ಒಳಗೆ ಬರುತ್ತದೆ. ಇಡೀ ವಾರದಲ್ಲಿ ಬಂದದ್ದು ಒಂದೇ ಅರ್ಜಿ, ಅದೂ ಟಪಾಲಕ್ಕನ ಅಕ್ಕನ ಮಗಳದ್ದು. ಮುಟ್ಟದೆ ಬಿಟ್ಟರೆ ಸಂಜೆಗೆ ಎಲ್ಲರ ಜೊತೆ ಪುಟ್ಟಿಯೂ ಮುಳುಗುತ್ತಾಳೆ. ಯಾವ ಕಡೆ ಹೊರಳಿದರೂ ಗೋಡೆ.

ಅಷ್ಟರಲ್ಲಿ ಫೋನ್ ಮೇಜಿನ ಮೇಲೆ ಗುರ್ ಎಂದಿತು. ಪುಟ್ಟಿ. ಟಪಾಲಕ್ಕ ಅದು ತಾನಾಗಿ ಸುಮ್ಮನಾಗುವವರೆಗೆ ನೋಡುತ್ತ ಕೂತಳು. ಮಾತಾಡಿದರೆ ಏನು ಹೇಳುವುದು? ನಿಜ ಹೇಳಿದರೆ ಒಳಗಿನ ಸುದ್ದಿ ಮನೆಯವರಿಗೆ ಕೊಟ್ಟಂತೆ. ಹೇಳದಿದ್ದರೆ ಇನ್ನೊಂದು ಸುಳ್ಳು.

ಅವಳು ಎದ್ದು ಮುಂಬಾಗಿಲಿಗೆ ಹೋದಳು. ಅಲ್ಲಿ ಫೋನ್ ತೆಗೆಯುವವಳಿಗೆ ಗಿಳಿ ಎಂದು ಅಡ್ಡಹೆಸರು. ಹೇಳಿಕೊಟ್ಟದ್ದನ್ನು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು, ಅದಕ್ಕೆ. ಮೇಲ್ ವಾಪಸು ಬಂತೆಂದು ಯಾರಾದರೂ ಫೋನ್ ಮಾಡಿದ್ದರೇ ಎಂದು ಟಪಾಲಕ್ಕ ಕೇಳಿದಳು.

“ಯಾರಾದ್ರೂ ಅಂತೀರಲ್ಲ ಅಕ್ಕಾ. ನನ್ನ ಕಿವಿ ಬಿಸಿಯಾಗಿ ಬೆಂದುಹೋಗಿದೆ. ಮೊದಲನೇ ದಿನದಿಂದ ಇದೇ ಪಾಡು.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ನಿಮಗೆ ಹೇಳಬೇಕು ಅಂತ ಇದರಲ್ಲಿ ಇಲ್ವಲ್ಲ.” ಗಿಳಿ ತನ್ನ ಮೇಜಿನ ಗಾಜಿನಡಿಯ ಚೀಟಿಯನ್ನು ಬೆರಳಿನಿಂದ ತಟ್ಟಿದಳು. ಮೇಲ್ ವಾಪಸಾದರೆ ನಿಮ್ಮ ಕಂಪನಿಯನ್ನು ವಿಚಾರಿಸಿ ಎಂದು ಹೇಳಿ ಫೋನ್ ಇಡಿ ಎಂದು ಅದರಲ್ಲಿತ್ತು. ಟಪಾಲಕ್ಕನ ದುಂಡನೆಯ ಕೈಬರಹ, ಕೆಳಗೆ ಕೆಂಪು ಗೆರೆ. “ಒಬ್ಬರು ಅಪ್ಪ ಪಾಪ ದಿನಾ ಮಾಡ್ತಿದ್ರು. ನನ್ನ ಮಗಳು ಯಾರಿಗೂ ಕೆಟ್ಟದ್ದು ಕಳಿಸೋಳಲ್ಲ ತಾಯಿ, ನೀವೇ ಒಂದ್ಸಲ ನೋಡಿ ಅಂತ. ನಾನು ಚೀಟಿ ಓದಿ ಹೇಳಿದೆ. ಇವತ್ತು ಮಾಡಿಲ್ಲ. ಬುದ್ಧಿ ಬಂತು ಅಂತ ಕಾಣುತ್ತೆ.”

ಆ ಅಪ್ಪ ಹೇಳಿದ್ದೂ ಪುಟ್ಟಿ ಹೇಳಿದ್ದೂ ಒಂದೇ ಮಾತು. ಅವರು ಮೊದಲೇ ಹೇಳಿದ್ದರು.

ನಿರ್ದೇಶಕರ ಕೋಣೆಗೆ ಹೋದಾಗ ಅವರು ಆಗಷ್ಟೇ ಫೋನಿನಲ್ಲಿ ಯಾರಿಗೋ ಈ ಸಲದ ಸೊನ್ನೆ ತಕರಾರಿನ ಸುದ್ದಿ ಹೇಳಿ ಮುಗಿಸಿ ಪ್ರಸನ್ನರಾಗಿ ಕೂತಿದ್ದರು. ಅವಳು ನಿಂತುಕೊಂಡೇ, ಲೈನ್ ಬದಲಾದದ್ದರಿಂದ ಹಿಡಿದು ತಾನು ಬರೆದ ಒಂದು ಸಾಲಿನವರೆಗೆ ಎಲ್ಲವನ್ನೂ ಹೇಳಿದಳು. ನಿರ್ದೇಶಕರ ಮುಖದ ಮೇಲಿನ ಪ್ರಸನ್ನತೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವರು ಕೂಗಾಡಲಿಲ್ಲ. ಅವಳು ಕೂಗಾಟಕ್ಕೆ ಸಿದ್ಧಳಾಗಿ ಬಂದಿದ್ದಳು, ಅದಕ್ಕೇ ಇನ್ನಷ್ಟು ಕಂಗಾಲಾದಳು.

ಹಾಗಾದರೆ ತಪ್ಪು ಲೈನಿನವರದ್ದಲ್ಲವೇ ಎಂದು ಕೇಳಿದರು. ಲೈನ್ ಅವರದ್ದು, ಬಂದ ಉತ್ತರವನ್ನು ಓದದೆ ಬಾಗಿಲು ಹಾಕಿದ್ದು ನನ್ನದು ಎಂದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಈಗಲೇ ಸರಿಪಡಿಸಿ ಎಂದರು. ಅರ್ಜಿಯ ಅವಧಿಯನ್ನು ಇನ್ನೊಂದು ವಾರ ಮುಂದಕ್ಕೆ ಹಾಕೋಣ, ವಾಪಸಾದ ಪ್ರತಿಯೊಬ್ಬರಿಗೂ ತಿಳಿಸೋಣ, ಆಗಿದ್ದು ಆಯಿತು ಎಂದರು.

“ಒಂದು ವರದಿ ಬರೆದುಕೊಡಿ. ನಿಮಗೆ ಇದು ಹೇಗೆ ಗೊತ್ತಾಯ್ತು ಅಂತ ಅದರಲ್ಲಿ ಇರಬೇಕು.”

“ನಮ್ಮ ಹುಡುಗಿ ಹೇಳಿದಳು ಸರ್. ಅಕ್ಕನ ಮಗಳು.”

ಕನ್ನಡಕ ಒರೆಸುವ ಕೈ ನಿಂತಿತು. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

“ನೋಡಿ ಅಮ್ಮಾ. ನೀವು ಮಾಮೂಲಿ ತಪಾಸಣೆ ಮಾಡ್ತಿದ್ರಿ, ಆಗ ಕಂಡುಬಂತು. ಅಷ್ಟು ಬರೆದರೆ ಸಾಕು. ಎಲ್ಲರಿಗೂ ಒಂದು ವಾರ ಸಿಗುತ್ತೆ, ನಿಮ್ಮ ಹುಡುಗೀಗೂ ಸಿಗುತ್ತೆ. ಅವಳ ಫೋನಿನ ವಿಷಯ ಬರೆದ್ರೋ, ಮನೆಯವರ ಅರ್ಜಿಗೆ ನೀವು ಕೈ ಹಾಕಿದ ಹಾಗಾಗುತ್ತೆ, ಅವಳ ಅರ್ಜಿ ಶಿಸ್ತು ಸಮಿತಿಗೆ ಹೋಗಬೇಕು. ಸಮಿತಿ ಸೇರೋದು ರಜೆ ಮುಗಿದ ಮೇಲೆ. ಅಲ್ಲಿವರೆಗೆ ಅದನ್ನ ನಾನೂ ಮುಟ್ಟೋ ಹಾಗಿಲ್ಲ.”

“ಆಸ್ಪತ್ರೆಯವರು ಅಲ್ಲಿವರೆಗೆ ಕಾಯಲ್ಲ ಸರ್.”

“ಅದಕ್ಕೇ ಹೇಳ್ತಿರೋದು.”

ಅವರ ದನಿಯಲ್ಲಿ ಕಪಟವಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಬೈದಿದ್ದರೆ ಅವಳಿಗೆ ಏನು ಮಾಡಬೇಕೆಂದು ಗೊತ್ತಿತ್ತು, ತಲೆ ತಗ್ಗಿಸಿದರೆ ಆಗಿತ್ತು. ಈ ದಯೆಗೆ ಏನು ಮಾಡಬೇಕೆಂಬುದು ತಿಳಿಯಲಿಲ್ಲ.

ಕೋಣೆಗೆ ಬಂದು ಮೊದಲು ಆ ಸಾಲನ್ನು ಬದಲಿಸಿದಳು. ಕೆಡುಕಿನ ಅಂಕಿಗಳನ್ನು ಒಂದೊಂದಾಗಿ ಬರೆದು, ಅವಕ್ಕೆ ಮಾತ್ರ ಬಾಗಿಲು ಹಾಕು ಎಂದಳು. ಕೇಳಬೇಡಿ ಎಂಬ ಉತ್ತರ ಬಂದರೆ ಮೇಲನ್ನು ಒಳಗೆ ಬಿಡು, ನನ್ನನ್ನು ಕರೆ ಎಂದು ಬರೆದಳು. ಪ್ರಶ್ನೆಗಳನ್ನು ಮತ್ತೆ ಸ್ವಂತ ದಾರಿಗೆ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಮೊದಲ ಮೇಲ್ ಒಳಗೆ ಬಂತು, ಯಾವುದೋ ಬಣ್ಣದ ಅಂಗಡಿಯ ಜಾಹೀರಾತು. ಅದನ್ನು ಕಂಡು ಅವಳಿಗೆ ನಗುವೂ ಬಂತು, ಅಳುವೂ ಬಂತು.

ಆಮೇಲೆ ವರದಿ. ‘ಮಾಮೂಲಿ ತಪಾಸಣೆಯ ವೇಳೆ’ ಎಂದು ಬರೆದಳು. ಅಚ್ಚುಕಟ್ಟಾದ ವಾಕ್ಯ. ಯಾರಿಗೂ ನೋವಿಲ್ಲ, ಯಾರಿಗೂ ನಷ್ಟವಿಲ್ಲ. ಅಕ್ಕನ ಭುಜ ನೆನಪಾಯಿತು. ಬರೆದುಬಿಡು, ಬರೆದು ಮನೆಗೆ ಹೋಗು ಎಂದುಕೊಂಡಳು. ಆದರೆ ಆ ವಾಕ್ಯ ನಿಜವಾಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಂದುಬಿಟ್ಟಿತು. ಮಾಮೂಲಿಯಾಗಿ ಅವಳು ಏನನ್ನೂ ತಪಾಸಣೆ ಮಾಡಿರಲಿಲ್ಲ. ವಾರವಿಡೀ ಜನ ಫೋನಿನಲ್ಲಿ ಗೋಗರೆದಿದ್ದರು, ಅವಳ ಚೀಟಿ ಅವರ ಬಾಯಿ ಮುಚ್ಚಿಸಿತ್ತು. ಪರೀಕ್ಷಿಸಿ ನೋಡಬೇಕೆಂದು ಅನ್ನಿಸಿದ್ದು ತನ್ನ ಮನೆಯ ಹುಡುಗಿಯ ಮೇಲ್ ಮೂರನೆಯ ಸಲ ವಾಪಸಾದಾಗ. ಪುಟ್ಟಿ ಪಾಸಾಗಿದ್ದರೆ ಈ ಸಂಜೆ ಬಾಗಿಲು ಮುಚ್ಚುತ್ತಿತ್ತು, ಆ ಅಪ್ಪ ಇನ್ನೂ ತನ್ನ ಮಗಳ ಮೇಲೆಯೇ ಅನುಮಾನ ಪಡುತ್ತ ಕೂತಿರುತ್ತಿದ್ದ. ಹುಡುಗಿಯನ್ನು ಬಿಟ್ಟು ಬರೆದರೆ ತಾನು ಎಲ್ಲರಿಗಾಗಿ ಎಚ್ಚರವಿದ್ದೆ ಎಂದಾಗುತ್ತದೆ. ಮುಂದಿನ ವರ್ಷವೂ ಆ ಚೀಟಿ ಗಾಜಿನಡಿಯಲ್ಲೇ ಇರುತ್ತದೆ.

ತಾನು ಅತಿಯಾಗಿ ಯೋಚಿಸುತ್ತಿದ್ದೇನೆಯೇ? ಇರಬಹುದು. ಬೀಗ ಜಗ್ಗುವ ಚಾಳಿಯೇ ಇದೂ ಇರಬಹುದು. ಹಾಗೆ ಅನುಮಾನಪಡುತ್ತಲೇ ಅವಳು ವಾಕ್ಯವನ್ನು ಅಳಿಸಿ, ಹೊರಗಿನವರು ಮೊದಲ ದಿನದಿಂದ ತಿಳಿಸಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ, ನನ್ನ ಅಕ್ಕನ ಮಗಳು ತಿಳಿಸಿದ ಮೇಲೆ ನೋಡಿದೆ ಎಂದು ಬರೆದಳು. ನಿರ್ದೇಶಕರು ಓದಿ, ಅವಳ ಮುಖವನ್ನು ಒಂದು ಗಳಿಗೆ ನೋಡಿ, ಸಹಿ ಹಾಕಿದರು. ವಾಪಸಾದವರಿಗೆ ಮೇಲ್ ಕಳಿಸಿದರೆ ಸಾಲದು, ಇನ್ನು ನಮ್ಮ ಮೇಲ್ ನಂಬುವವರಾರು, ಫೋನ್ ಮಾಡಿ ಹೇಳಬೇಕು ಎಂದರು. ಪರೀಕ್ಷೆಗೆ ಕಟ್ಟುವಾಗ ಅವರೆಲ್ಲ ಕೊಟ್ಟಿದ್ದ ಸಂಖ್ಯೆಗಳನ್ನು ತೆಗೆಸಿ, ಫೋನ್ ಮಾಡುವ ಕೆಲಸವನ್ನು ಹಂಚಿದರು. ಅವಳ ಪಾಲಿಗೂ ಬಂತು.

ಮನೆಯೆಂದರೆ ಎರಡು ಕೋಣೆ. ಅಡುಗೆಯ ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಸಿಗುವುದು ಬೀದಿಯ ಕಡೆಯ ಕೋಣೆಯಲ್ಲಿ, ಪುಟ್ಟಿಯ ಮಂಚ ಇರುವಲ್ಲಿ. ಟಪಾಲಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದವಳೇ ನೀರೂ ಕುಡಿಯದೆ ಇಬ್ಬರಿಗೂ ಎಲ್ಲವನ್ನೂ ಹೇಳಿದಳು. ಪುಟ್ಟಿ ಕೇಳಿದ್ದು ಒಂದೇ.

“ಎಲ್ಲರಿಗೂ ಒಂದು ವಾರ. ನನಗೆ ಮಾತ್ರ ಇಲ್ಲ. ಅಷ್ಟೇ ಅಲ್ವಾ?”

“ರಜೆ ಮುಗಿದ ಮೇಲೆ ಸಮಿತಿ...”

ಪುಟ್ಟಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಕ್ಕ ಎಡಗೈಯಿಂದ ಬಲ ಭುಜ ಒತ್ತಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

“ಅಷ್ಟು ದೊಡ್ಡ ಮನುಷ್ಯ ತಾನಾಗೇ ದಾರಿ ತೋರಿಸಿದ್ರಲ್ಲೇ. ನಿನ್ನ ಬಾಯಲ್ಲಿ ಬೇರೆ ಮಾತು ಬರಲೇ ಇಲ್ವಾ?”

ಅಕ್ಕ ಉತ್ತರಕ್ಕೆ ಕಾಯದೆ ಅಡುಗೆಯ ಕಡೆ ಹೋದಳು. ಒಳಗೆ ಪಾತ್ರೆಗಳ ಸದ್ದು ಕೇಳಿಬಂತು, ಬೇಕಿದ್ದಕ್ಕಿಂತ ಸ್ವಲ್ಪ ಜೋರಾಗಿ.

ಹೊರಗೆ ಇನ್ನೂ ಬೆಳಕಿತ್ತು. ಜನ ಊಟಕ್ಕೆ ಕೂರುವ ಮೊದಲೇ ಫೋನ್ ಮಾಡಬೇಕು. ಹೊರಗೆ ಬೀದಿಯಲ್ಲಿ ನಿಂತು ಮಾಡೋಣವೆಂದರೆ ಬಸ್ಸುಗಳ ಗದ್ದಲ. ಟಪಾಲಕ್ಕ ಪುಟ್ಟಿಯ ಮಂಚದ ಕಾಲ ಬಳಿ, ಗೋಡೆಗೂ ಮಂಚಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಮೊದಲ ಸಂಖ್ಯೆ ಒತ್ತಿದಳು. ಮಂಡಳಿಯಿಂದ ಮಾತಾಡುತ್ತಿದ್ದೇನೆ, ನಿಮ್ಮ ಅರ್ಜಿ ವಾಪಸು ಬಂದದ್ದು ನಿಮ್ಮಿಂದಲ್ಲ, ನಮ್ಮ ತಪ್ಪು, ಇನ್ನೊಂದು ವಾರವಿದೆ, ದಯವಿಟ್ಟು ಮತ್ತೆ ಕಳಿಸಿ. ಕೆಲವರು ಕೃತಜ್ಞತೆ ಹೇಳಿದರು. ಒಬ್ಬಾಕೆ ಬಾಯಿಗೆ ಬಂದಂತೆ ಬೈದಳು, ಟಪಾಲಕ್ಕ ಹೌದು ಹೌದು ಎನ್ನುತ್ತ ಕೇಳಿದಳು. ದಿನಾ ಫೋನ್ ಮಾಡುತ್ತಿದ್ದ ಆ ಅಪ್ಪನೇ ಇರಬೇಕು, ಒಬ್ಬರು ಹೇಳಿದ್ದನ್ನೇ ಇನ್ನೊಂದು ಸಲ ಹೇಳಿಸಿ ಕೇಳಿದರು. ಆಮೇಲೆ ಆಚೆ ಕಡೆಯಲ್ಲಿ ಮಗಳನ್ನು ಕೂಗಿ ಕರೆದದ್ದು, ನಿಂದೇನೂ ತಪ್ಪಿಲ್ವಂತೆ ಮಗಳೇ ಎಂದದ್ದು ಈ ಕೋಣೆಯವರೆಗೂ ಕೇಳಿತು. ಮಂಚದ ಮೇಲಿದ್ದವಳಿಗೂ ಕೇಳಿರಬೇಕು.

ಫೋನ್ ಇಟ್ಟ ಮೇಲೆ ಟಪಾಲಕ್ಕನಿಗೆ ಹೊಳೆಯಿತು. ಸಂಜೆಯಿಂದ ಕಂಡು ಕೇಳರಿಯದವರಿಗೆಲ್ಲ ಹೇಳುತ್ತಿರುವ ಈ ಮಾತನ್ನು ತಾನು ಈ ಮನೆಯಲ್ಲಿ ಇನ್ನೂ ಹೇಳಿಲ್ಲ. ಎಲ್ಲ ವಿವರ ಹೇಳಿದ್ದಳು, ಇದೊಂದನ್ನು ಬಿಟ್ಟು.

“ಪುಟ್ಟೀ.”

ಬೆನ್ನು ಅಲುಗಲಿಲ್ಲ.

“ನಿಂದೇನೂ ತಪ್ಪಿರಲಿಲ್ಲ. ನಂದು.”

“ಗೊತ್ತು,” ಎಂದಳು ಪುಟ್ಟಿ, ಗೋಡೆಗೆ. “ನಿನ್ನೆನೇ ಗೊತ್ತಿತ್ತು.”

ಕುರ್ಚಿ ಹಿಂದೆ ಸರಿಸಲು ಜಾಗವಿರಲಿಲ್ಲ. ಎದ್ದು ಹೋಗಬೇಕೆಂದರೆ ಪುಟ್ಟಿ ಕಾಲು ಮಡಚಿಕೊಳ್ಳಬೇಕಿತ್ತು, ಅವಳು ಮಡಚಿಕೊಳ್ಳಲಿಲ್ಲ. ಟಪಾಲಕ್ಕ ಮುಂದಿನ ಸಂಖ್ಯೆ ಒತ್ತಿದಳು. ಆ ಕಡೆ ಯಾರೋ ಚಿಕ್ಕ ಹುಡುಗಿಯ ದನಿ ಹಲೋ ಎಂದಿತು. ಮಂಡಳಿಯಿಂದ ಮಾತಾಡುತ್ತಿದ್ದೇನೆ ಎಂದು ಅವಳು ಆದಷ್ಟು ಮೆಲ್ಲಗೆ ಶುರುಮಾಡಿದಳು. ದನಿ ಎಷ್ಟೇ ತಗ್ಗಿಸಿದರೂ ಆ ಕೋಣೆಯಲ್ಲಿ ಅದು ಇಬ್ಬರಿಗೂ ಕೇಳುತ್ತಿತ್ತು.